ತೋಟದ ಕೋವಿ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಮಂಗನ ಹಿಂಡು ತೋಟಕ್ಕೆ ಇಳಿದ ದಿನವೇ ಕೋವಿ ಕೈಕೊಡುತ್ತದೆ. ಉಳಿದ ದಿನ ಅದು ಗೋಡೆಗೆ ಒರಗಿಕೊಂಡು ಒಳ್ಳೆಯ ಹುಡುಗನ ಹಾಗೆ ಇರುತ್ತದೆ. ಹೋದ ವರ್ಷ ಆಗಸ್ಟಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹೀಗೇ ಆಯಿತು. ಟ್ರಿಗರ್ ಎಳೆದರೆ ಟಿಕ್ ಎಂಬ ಸದ್ದು, ಅಷ್ಟೇ. ಮಂಗಗಳು ಬಾಳೆಗೊನೆ ಮುಗಿಸಿಯೇ ಹೋದವು. ಚಿಕ್ಕಪ್ಪ ಒಳಗೆ ಬಂದು ಕೋವಿಯನ್ನು ಚಾಪೆ ಮೇಲೆ ಇಟ್ಟು, "ಇದಕ್ಕೆ ಶಕ್ತಿ ಸಾಲದು ಮಾರಾಯ, ಜೋರಿನ ತೋಟೆ ತಂದು ಹಾಕುವ ಹಾಗೆ ಏನಾದರೂ ಮಾಡಿಸೋದಕ್ಕೆ ಆಗ್ತದಾ ನೋಡು" ಅಂದರು. ಮೊಬೈಲಿನಲ್ಲಿ ಯಾರೋ ಪಿಸ್ತೂಲಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ದೊಡ್ಡ ಗುಂಡು ಹೊಡೆಯುವುದನ್ನು ನೋಡಿದ್ದರಂತೆ.

ಅವರ ಕೋವಿಯಲ್ಲಿ ಶಕ್ತಿಯ ತೊಂದರೆ ಇರಲೇ ಇಲ್ಲ. ತೋಟೆಯ ಹಿಂಭಾಗಕ್ಕೆ ಹೊಡೆಯುವ ಪಿನ್ನಿನ ತೂತಿನಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಇತ್ತು. ಮಲೆನಾಡಿನ ಕೋವಿಗಳ ಮುಕ್ಕಾಲು ತೊಂದರೆ ಇಂಥದ್ದೇ. ಬಟ್ಟೆ, ಬೆಳಕು, ತಾಳ್ಮೆ ಇದ್ದರೆ ಗೊತ್ತಾಗುತ್ತದೆ. ಉಳಿದ ಕಾಲು ಭಾಗ ಬಂದೂಕು ರಿಪೇರಿಯವರ ಕೆಲಸ. ಯಾವುದು ಯಾವ ಭಾಗ ಎಂದು ಗುರುತಿಸಲು ಈ ಬರಹ. ಬರೆದಿರುವುದು ಮುಖ್ಯವಾಗಿ ಲೈಸೆನ್ಸ್ ಇರುವ 12 ಬೋರಿನ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳ ಬಗ್ಗೆ. ಪಿಸ್ತೂಲಿನ ವಿಷಯವೂ ಕೊನೆಗೆ ಸ್ವಲ್ಪ ಇದೆ.

ಮುಟ್ಟುವ ಮೊದಲು

ನಳಿಗೆಯ ಬಾಯಿ ಮಣ್ಣಿನ ಧರೆಯ ಕಡೆಗೆ ಇರಲಿ. ಕೋವಿ ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ ತೆರೆದು, ತೋಟೆ ತೆಗೆಯಿರಿ. ಕಣ್ಣಿನಿಂದ ಮಾತ್ರ ನೋಡಿದರೆ ಸಾಲದು, ಕಿರುಬೆರಳು ಹಾಕಿ ಎರಡೂ ನಳಿಗೆ ಖಾಲಿ ಎಂದು ಮುಟ್ಟಿ ನೋಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಮಕ್ಕಳು, ನಾಯಿ, ಸಲಹೆ ಕೊಡುವ ನೆಂಟರು ಯಾರೂ ಹತ್ತಿರ ಬೇಡ. ಬೆಳಕಿಗೆ ಒಂದು ಸಣ್ಣ ಟಾರ್ಚ್ ಸಾಕು.

ಟಿಕ್ ಎಂದಿತು, ಈಡು ಹೋಗಲಿಲ್ಲ

ಮೊದಲ ಕೆಲಸ ಏನೂ ಮಾಡದೆ ಇರುವುದು. ಕೋವಿಯನ್ನು ಹಾಗೇ ಧರೆಯ ಕಡೆ ಹಿಡಿದು ನಿಂತುಕೊಳ್ಳಿ. ಕೇಪು, ಅಂದರೆ ತೋಟೆಯ ತಳದಲ್ಲಿ ಕಿಡಿ ಕೊಡುವ ಸಣ್ಣ ಬಿಲ್ಲೆ, ಒದ್ದೆಯಾಗಿದ್ದರೆ ಮದ್ದು ತಡವಾಗಿ ಹತ್ತಿಕೊಳ್ಳಬಹುದು. ಕನಿಷ್ಠ 30 ಸೆಕೆಂಡ್ ಕಾಯಬೇಕು. ನಾನು 60 ಎಣಿಸುತ್ತೇನೆ, ಅದರಿಂದ ಯಾರಿಗೂ ನಷ್ಟ ಇಲ್ಲ. ತಕ್ಷಣ ಕೋವಿ ಮುರಿದು ಇಣುಕಿ ನೋಡುವುದು ಇಡೀ ಬರಹದಲ್ಲಿ ನಾನು ಹೇಳುವ ತಪ್ಪುಗಳಲ್ಲೇ ಅತಿ ಸಾಮಾನ್ಯವಾದದ್ದು.

ಆಮೇಲೆ ತೋಟೆ ತೆಗೆದು ಅದರ ಹಿಂಭಾಗ ನೋಡಿ. ಕೇಪಿನ ಮೇಲೆ ಪಿನ್ನು ಮಾಡಿದ ಗುಳಿ ಇದೆಯಲ್ವಾ, ಅದೇ ಕಥೆ ಹೇಳುತ್ತದೆ.

ಗುಳಿಯೇ ಇಲ್ಲ ಎಂದರೆ ಮೊದಲು ಸೇಫ್ಟಿ ನೋಡಿ. ನಗಬೇಡಿ. ಅವಸರದಲ್ಲಿ ಎಲ್ಲರಿಗೂ ಆಗುತ್ತದೆ. ಜೋಡಿ ನಳಿಗೆಯಲ್ಲಿ ಒಂದೇ ತೋಟೆ ಹಾಕಿ ಇನ್ನೊಂದರ ಟ್ರಿಗರ್ ಎಳೆಯುವುದೂ ಉಂಟು. ಇವೆರಡೂ ಅಲ್ಲದಿದ್ದರೆ ಪಿನ್ನು ಮುರಿದಿರಬಹುದು. ಖಾಲಿ ಕೋವಿಯ ಟ್ರಿಗರನ್ನು ಸುಮ್ನೆ ಟಿಕ್ ಟಿಕ್ ಎಂದು ಎಳೆದು ಆಡುವ ಮನೆಯಲ್ಲಿ ಇದು ಜಾಸ್ತಿ. ಪಿನ್ನು ಬದಲಿಸುವುದು ರಿಪೇರಿಯವರ ಕೆಲಸ.

ಗುಳಿ ಇದೆ, ಆದರೆ ಆಳವಿಲ್ಲ. ಸೂಜಿಯಿಂದ ಮುಟ್ಟಿದ ಹಾಗಿದೆ. ಇದು ಪಿನ್ನಿಗೆ ವೇಗ ಸಾಲದ ಲಕ್ಷಣ. ಚಿಕ್ಕಪ್ಪನ ಕೋವಿಯಲ್ಲಿ ಇದ್ದದ್ದು ಇದೇ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ ಎಂಬುದು ತಲೆಗೆ ಹಚ್ಚುವ ಎಲ್ಲರಿಗೂ ಗೊತ್ತು. ಮಳೆಗಾಲದ ಬೆಳಿಗ್ಗೆ ನಮ್ಮಲ್ಲಿ ಅಷ್ಟು ತಣ್ಣಗೆ ಇದ್ದೇ ಇರುತ್ತದೆ. ಮೇಲಾಗಿ ಹಳೆಯ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಪಿನ್ನಿನ ತೂತಿನ ಸುತ್ತ ಬೆರಳಿಟ್ಟರೆ ಕಂದು ಬಣ್ಣದ ಜಿಡ್ಡು ಬಂತು. ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ, ಆಮೇಲೆ ಒಣ ಬಟ್ಟೆ, ಕೊನೆಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಒಂದು ಹನಿ. ಒಲೆಯಿಂದ ದೂರ, ಕಿಟಕಿ ತೆರೆದಿಟ್ಟು ಮಾಡಿ. ಇಷ್ಟು ಮಾಡಿದ ಮೇಲೂ ಗುಳಿ ಸಣ್ಣದೇ ಆಗುತ್ತಿದ್ದರೆ ಒಳಗಿನ ಸ್ಪ್ರಿಂಗ್ ಸೋತಿದೆ. ಅಲ್ಲಿಗೆ ನಿಲ್ಲಿಸಿ. ಪಕ್ಕದ ತಟ್ಟೆ ಬಿಚ್ಚಬೇಡಿ. ಹಳೆ ಕೋವಿಯ ಸ್ಕ್ರೂಗಳ ತಲೆಯ ಸೀಳು ಬಹಳ ಸಣ್ಣದು. ಮನೆಯ ಸ್ಕ್ರೂಡ್ರೈವರ್ ಅದಕ್ಕೆ ಕೂರುವುದಿಲ್ಲ. ಒಳಗಿನ ಸ್ಪ್ರಿಂಗ್ ಹಾರಿದರೆ ಕಣ್ಣಿಗೇ ಬರುತ್ತದೆ.

ಗುಳಿ ಚೆನ್ನಾಗಿ ಆಳವಾಗಿದೆ, ಆದರೂ ಈಡು ಹೋಗಿಲ್ಲ. ಕೋವಿ ಸರಿಯಿದೆ, ತೋಟೆ ಸತ್ತಿದೆ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಇದೆಯಾ ನೋಡಿ. ಕಾಗದದ ಹಳೆ ತೋಟೆಯಾದರೆ ಮೈ ಉಬ್ಬಿ ಮೆತ್ತಗಾಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಆ ಸೀಮೆಯಲ್ಲಿ ಬಟ್ಟೆಯ ಬೆಲ್ಟಿನಲ್ಲಿ ಮೂರು ಮಳೆಗಾಲ ನೇತಾಡಿದ ತೋಟೆಯನ್ನು ನಂಬುವುದು ಹೇಗೆ? ಹೊಸ ತೋಟೆಗಳನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬದಲ್ಲಿ, ಔಷಧಿ ಬಾಟಲಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣ ಹಾಕಿ, ಬೀಗದೊಳಗೆ ಇಡಿ. ಒದ್ದೆ ತೋಟೆಯನ್ನು ಬಿಸಿಲಿಗೆ ಹಾಕುವುದು, ಒಲೆ ಮೇಲಿನ ಅಟ್ಟದಲ್ಲಿ ಅಡಿಕೆಯ ಹಾಗೆ ಒಣಗಿಸುವುದು ಬೇಡವೇ ಬೇಡ. ಬಾವಿಗೆ, ಬೆಂಕಿಗೆ ಹಾಕುವುದೂ ಬೇಡ. ಲೈಸೆನ್ಸ್ ಜೊತೆ ಒಯ್ದು ತೋಟೆ ಮಾರುವ ಅಂಗಡಿಯಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ಕೇಳಿ ಒಪ್ಪಿಸಿ.

ಫುಸ್ ಎಂದಿತು

ಈಡು ಹೋಯಿತು, ಆದರೆ ದೀಪಾವಳಿಯ ಒದ್ದೆ ಪಟಾಕಿಯ ಸದ್ದು. ಭುಜಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ. ಮುಂದೆ ಮಂಗ ಇರಲಿ, ಹಂದಿ ಇರಲಿ, ಎರಡನೇ ಈಡು ಹೊಡೆಯಬೇಡಿ. ಮದ್ದು ಅರ್ಧ ಉರಿದಿದ್ದರೆ ತೋಟೆಯೊಳಗೆ ಮದ್ದಿಗೂ ಚರೆಗೂ (ಸೀಸದ ಕಾಳುಗಳಿಗೂ) ನಡುವೆ ಇರುವ ಬಿರಡೆ ನಳಿಗೆಯ ನಡುವೆಯೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೋದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ನಳಿಗೆಯ ಕೆಳಗಿನ ಮುಂದಿನ ಮರವನ್ನು ಹಿಡಿಯುವ ಎಡಗೈ ಸರಿಯಾಗಿ ಅಲ್ಲೇ ಇರುತ್ತದೆ.

ಇಲ್ಲೂ ಒಂದು ನಿಮಿಷ ಕಾಯಿರಿ. ಆಮೇಲೆ ಕೋವಿ ಮುರಿದು, ತೋಟೆ ತೆಗೆದು, ನಳಿಗೆಯನ್ನು ಬಿಚ್ಚಿ ಆಕಾಶದ ಕಡೆ ಹಿಡಿದು ಹಿಂದಿನಿಂದ ನೋಡಿ. ದುಂಡಗಿನ ಬೆಳಕು ಪೂರ್ತಿ ಕಾಣಬೇಕು. ಏನಾದರೂ ಅಡ್ಡ ಇದ್ದರೆ ಮರದ ಕೋಲಿನಿಂದ ನಿಧಾನ ತಳ್ಳಿದರೆ ಬರಬಹುದು. ಬರದಿದ್ದರೆ ಬಡಿಯಬೇಡಿ. ಕಬ್ಬಿಣದ ಸರಳಂತೂ ಹಾಕಲೇಬೇಡಿ. ಹಾಗೇ ರಿಪೇರಿಗೆ ಒಯ್ಯಿರಿ.

ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಕೋವಿಗೂ ಇದೇ ಪರೀಕ್ಷೆ ಬೇಕು. ಕುಂಬಾರ ಹುಳಕ್ಕೆ ನಳಿಗೆಯ ಬಾಯಿ ಎಂದರೆ ಕಟ್ಟಿಸಿಟ್ಟ ಮನೆ. ನಾನೇ ಒಮ್ಮೆ ಎಡ ನಳಿಗೆಯಿಂದ ಅರ್ಧ ಬೆರಳುದ್ದದ ಮಣ್ಣಿನ ಗೂಡು ತೆಗೆದಿದ್ದೇನೆ. ಒಳಗೆ ಎರಡು ಜೇಡ, ಒಂದು ಬಿಳಿ ಮರಿ ಹುಳ ಇತ್ತು. ಅದನ್ನು ನೋಡದೆ ಈಡು ಹೊಡೆದಿದ್ದರೆ ಇದನ್ನು ಬಲಗೈ ಒಂದರಿಂದಲೇ ಬರೆಯಬೇಕಿತ್ತೇನೋ.

ಖಾಲಿ ತೋಟೆ ಹೊರಗೆ ಬರುತ್ತಿಲ್ಲ

ಒಂದು ತೋಟೆಗೆ ಮಾತ್ರ ಹೀಗಾದರೆ ಆ ತೋಟೆಯ ಮೈ ಉಬ್ಬಿದೆ. ಆ ಡಬ್ಬವನ್ನೇ ಬದಿಗಿಡಿ. ಎಲ್ಲ ತೋಟೆಗೂ ಆದರೆ ಚೇಂಬರು, ಅಂದರೆ ತೋಟೆ ಕೂರುವ ಜಾಗ, ಗಲೀಜಾಗಿದೆ. ಪ್ಲಾಸ್ಟಿಕ್ ತೋಟೆಯ ಕಿಟ್ಟ ಅಲ್ಲಿ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಬಟ್ಟೆ, ಬ್ರಷ್ಷು, ಎಣ್ಣೆಯಿಂದ ಉಜ್ಜಿ, ಆಮೇಲೆ ಎಣ್ಣೆಯ ಪಸೆ ಇಲ್ಲದಂತೆ ಒರೆಸಿ. ಉಜ್ಜಿದ ಮೇಲೂ ಟಾರ್ಚ್ ಬೆಳಕಿನಲ್ಲಿ ಚುಕ್ಕೆ ಚುಕ್ಕೆ ಗುಳಿ ಕಂಡರೆ ತುಕ್ಕು ಲೋಹವನ್ನು ತಿಂದಿದೆ. ಸ್ಯಾಂಡ್ ಪೇಪರ್ ಹಾಕಿ ನೀವೇ ನಯ ಮಾಡಲು ಹೋದರೆ ಗೋಡೆ ಇನ್ನೂ ತೆಳುವಾಗುತ್ತದೆ, ಅಷ್ಟೇ.

ಖಾಲಿ ತೋಟೆಯ ಅಂಚನ್ನು ಹಿಡಿದು ಎಳೆಯುವ ಕೊಕ್ಕೆ ಸವೆದಿದ್ದರೂ ತೋಟೆ ಅಲ್ಲೇ ಉಳಿಯುತ್ತದೆ. ಅಂಚಿನ ಮೇಲೆ ಗೀರಿದ ಗುರುತು ಇರುತ್ತದೆ. ಇದು ಸಣ್ಣ ರಿಪೇರಿ.

ಇವು ಯಾವುದೂ ಅಲ್ಲ, ಕೋವಿ ಶುಭ್ರವಾಗಿದೆ, ಹೊಸ ಡಬ್ಬದ ತೋಟೆ ಹಾಕಿದಾಗಿನಿಂದ ಕೋವಿ ಮುರಿಯುವುದಕ್ಕೇ ಮೊಣಕಾಲು ಕೊಡಬೇಕಾಗಿದೆ ಎಂದರೆ ಮುಂದಿನದನ್ನು ನಿಧಾನವಾಗಿ ಓದಿ.

ಮೊದಲಿಗಿಂತ ಜಾಸ್ತಿ ಒದೆಯುತ್ತಿದೆ

ಟಿಕ್ ಎಂಬ ತೊಂದರೆ ಸರಿಹೋದ ಮೇಲೂ ಚಿಕ್ಕಪ್ಪ ಬಿಡಲಿಲ್ಲ. ಪೇಟೆಗೆ ಹೋಗಿ "ಜೋರಿನದ್ದು" ಕೊಡಿ ಎಂದು ಕೇಳಿ ಒಂದು ಡಬ್ಬ ತಂದಿದ್ದರು. ಎರಡು ಈಡು ಹೊಡೆದು ಭುಜ ನೀಲಿಯಾಗಿತ್ತು. "ಈಗ ಸರಿ ಇದೆ ನೋಡು, ಹೆಂಗೆ ಒದೀತದೆ!" ಎಂದು ಖುಷಿಯಾಗಿಯೇ ಇದ್ದರು.

ಖಾಲಿ ತೋಟೆ ಕೊಡಿ ಚಿಕ್ಕಪ್ಪ ಎಂದು ಇಸಕೊಂಡು ನೋಡಿದೆ. ಕೇಪಿನ ದುಂಡು ಅಂಚು ಚಪ್ಪಟೆಯಾಗಿ ಸುತ್ತಲಿನ ಹಿತ್ತಾಳೆಗೆ ಸಮ ಬಂದಿತ್ತು. ಕೇಪಿನ ಸುತ್ತ ಕಪ್ಪು ಮಸಿಯ ಉಂಗುರ. ಎಂದರೆ ಹೊಗೆ ಹಿಂದಕ್ಕೆ ಸೋರಿದೆ. ತೋಟೆಯ ಬಾಯಿ ಕತ್ತರಿಸಿದ ಹಾಗೆ ಇರುವ ಬದಲು ಎಳೆ ಎಳೆಯಾಗಿ ಹರಿದಿತ್ತು. ಅಳತೆ ಟೇಪು ಇಟ್ಟೆ. 70 ಮಿ.ಮೀ.

ನಳಿಗೆ ಬಿಚ್ಚಿ ತಳದ ಸಪಾಟು ಜಾಗಕ್ಕೆ ಟಾರ್ಚ್ ಹಿಡಿದರೆ, ಸವೆದ ಮುದ್ರೆಗಳ ನಡುವೆ ಎರಡೂವರೆ ಇಂಚು ಎಂದು ಕೊರೆದಿತ್ತು. ಎರಡೂವರೆ ಇಂಚು ಎಂದರೆ ತೋಟೆಯ ಲೆಕ್ಕದಲ್ಲಿ 65 ಮಿ.ಮೀ. ಈ ಕೋವಿ ಹುಟ್ಟಿದ್ದೇ ಆ ಅಳತೆಗೆ.

ಚಿಕ್ಕಪ್ಪ ಒಪ್ಪಲಿಲ್ಲ. "ಸರಿಯಾಗಿ ಕೂತಿತ್ತಲ್ಲ ಮಾರಾಯ, ಕೋವಿ ಮುಚ್ಚಿಯೂ ಮುಚ್ಚಿತು." ಮೋಸ ಇರುವುದೇ ಅಲ್ಲಿ. ಡಬ್ಬದ ಮೇಲೆ ಬರೆದ 70 ಎಂಬುದು ಈಡು ಹೋದ ಮೇಲಿನ ಉದ್ದ. ಹೊಸ ತೋಟೆಯ ಬಾಯಿ ಒಳಕ್ಕೆ ಮಡಚಿರುತ್ತದೆ. ಆಗ ಅದು 60 ಮಿ.ಮೀ. ಆಸುಪಾಸು ಮಾತ್ರ. 65ರ ಚೇಂಬರಿನಲ್ಲಿ ಆರಾಮಾಗಿ ಕೂರುತ್ತದೆ. ಈಡು ಹೊಡೆದಾಗ ಮಡಿಕೆ ಬಿಚ್ಚಿಕೊಂಡು ಮುಂದಕ್ಕೆ ಚಾಚಬೇಕು. ಅಲ್ಲಿ ಜಾಗ ಇಲ್ಲ, ನಳಿಗೆ ಕಿರಿದಾಗುವುದೇ ಅಲ್ಲಿಂದ. ಆ ಕಿರಿದಾದ ಕೊರಳಿನಲ್ಲಿ ತೋಟೆಯ ಬಾಯಿಯೂ ತುರುಕಿಕೊಂಡು, ಚರೆಗೆ ದಾರಿ ಇನ್ನೂ ಚಿಕ್ಕದಾಗುತ್ತದೆ. ಹಿಂದೆ ಒತ್ತಡ ಏರುತ್ತದೆ. ಅದರ ಮೇಲೆ ಮ್ಯಾಗ್ನಮ್ ಎನ್ನುವ ಜೋರಿನ ತೋಟೆಯಾದರೆ ಚರೆಯ ತೂಕವೂ ಜಾಸ್ತಿ. ಹಳೆಯ 65ರ ಕೋವಿಗೆ ಸುಮಾರು 30 ಗ್ರಾಂ ಚರೆ ರೂಢಿ. ಮ್ಯಾಗ್ನಮ್‌ನಲ್ಲಿ ಅದು 40 ಗ್ರಾಂ ದಾಟುತ್ತದೆ.

ಹಾಗಾಗಿ ಒದೆತ ಜಾಸ್ತಿ ಎನಿಸಿದ ಕೂಡಲೇ ಕೋವಿ ಕೆಳಗಿಡಿ. ಮೊದಲು ತೋಟೆಯ ಡಬ್ಬ ಓದಿ, ಆಮೇಲೆ ನಳಿಗೆ ಓದಿ. ಎರಡರ ಅಂಕಿ ಹೊಂದಬೇಕು, ಅಥವಾ ತೋಟೆಯ ಅಂಕಿ ಚಿಕ್ಕದಿರಬೇಕು. ನಳಿಗೆಯ ಮೇಲೆ ಅಂಕಿಯೇ ಇಲ್ಲದಿದ್ದರೆ 65 ಎಂದೇ ತಿಳಿದು, ರಿಪೇರಿಯವರಲ್ಲಿ ಗೇಜ್ ಹಾಕಿಸಿ ಅಳೆಸುವವರೆಗೆ ಈಡು ಹೊಡೆಯಬೇಡಿ. ನಳಿಗೆಯ ಮೈಮೇಲೆ ಹಾವಿನ ಪೊರೆಯ ಹಾಗೆ ಸುರುಳಿ ಸುರುಳಿ ವಿನ್ಯಾಸ ಇದೆಯೇ? ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದು ಮಾಡಿದ್ದು, ಕಪ್ಪು ಮದ್ದಿನ ಕಾಲದ್ದು. ಜಾಣರೊಬ್ಬರು ಪರೀಕ್ಷಿಸಿ ಹೇಳುವ ತನಕ ಅದು ಗೋಡೆಗೇ ಚೆಂದ.

"ಹಾಗಾದರೆ ಚೇಂಬರನ್ನೇ ಐದು ಮಿಲಿಮೀಟರ್ ಕೊರೆಸಿ ಉದ್ದ ಮಾಡಿಸಿದರೆ?" ಇದು ಚಿಕ್ಕಪ್ಪನ ಮುಂದಿನ ಪ್ರಶ್ನೆ. ಬಹಳ ಜನ ಕೇಳುತ್ತಾರೆ. ಈಡು ಹೊಡೆದಾಗ ಒತ್ತಡ ಅತಿ ಹೆಚ್ಚು ಇರುವುದು ಚೇಂಬರು ಮತ್ತು ಅದರ ಮುಂದಿನ ಕೆಲವೇ ಸೆಂಟಿಮೀಟರಿನಲ್ಲಿ. ಕೊರೆಯುವುದು ಎಂದರೆ ಅಲ್ಲಿಯ ಗೋಡೆಯನ್ನೇ ತೆಳು ಮಾಡುವುದು. ಇರುವ ಮುದ್ರೆ ಹಳೆಯ ಅಳತೆಗೆ ಪರೀಕ್ಷೆ ಮಾಡಿ ಒತ್ತಿದ್ದು, ಕೊರೆದ ಮೇಲೆ ಅದಕ್ಕೆ ಬೆಲೆ ಇಲ್ಲ. ಕಾನೂನಿನ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಮಾರ್ಪಡಿಸುವುದಕ್ಕೆ, ರಿಪೇರಿ ವೃತ್ತಿಗೆ, ಪರೀಕ್ಷಿಸುವುದಕ್ಕೆಲ್ಲ ಅದಕ್ಕೇ ಎಂದು ಪಡೆದ ಲೈಸೆನ್ಸ್ ಬೇಕು. ನಿಮ್ಮ ಬೆಳೆ ರಕ್ಷಣೆಯ ಲೈಸೆನ್ಸು ಕೋವಿ ಇಟ್ಟುಕೊಳ್ಳುವುದಕ್ಕೆ, ಲೇತ್ ಶೆಡ್ಡಿಗೆ ಒಯ್ಯುವುದಕ್ಕಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಇರುವ ವಿನಾಯಿತಿ ನಮಗೂ ಇದೆ ಎಂದುಕೊಂಡವರು ಇನ್ನೂ ಇದ್ದಾರೆ. ಇಲ್ಲ.

ಇನ್ನೊಂದು ಅಪಾಯ, ಒದೆತಕ್ಕಿಂತ ದೊಡ್ಡದು. ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ಎರಡರ ತೋಟೆಗಳನ್ನು ಒಂದೇ ಚೀಲದಲ್ಲಿ ಹಾಕಬೇಡಿ. ಅಂಕಿ ದೊಡ್ಡದಾದರೂ 20ರ ತೋಟೆ 12ರದ್ದಕ್ಕಿಂತ ಸಪೂರ, 12ರ ಚೇಂಬರಿನಲ್ಲಿ ಜಾರಿ ಮುಂದೆ ಹೋಗಿ ಕೂರುತ್ತದೆ. ಹಿಂದಿನಿಂದ ಖಾಲಿ ಕಾಣುತ್ತದೆ. ಅಯ್ಯೋ ತೋಟೆ ಹಾಕಲು ಮರೆತೆ ಎಂದು 12ರದ್ದನ್ನು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದೇ ಈ ಗೊಂದಲ ತಪ್ಪಿಸಲು.

ಮುಚ್ಚಿದರೂ ಕಟಕಟ ಎನ್ನುತ್ತದೆ

ಖಾಲಿ ಕೋವಿಯ ಮುಂದಿನ ಮರ ಬಿಚ್ಚಿ, ಕೋವಿಯನ್ನು ಮುಚ್ಚಿ, ಭುಜಕ್ಕೆ ಕೊಡುವ ಹಿಂದಿನ ಮರವನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ನಳಿಗೆ ಅಲುಗಿದರೆ ಕೀಲು ಸವೆದಿದೆ. ಆಮೇಲೆ ನಳಿಗೆ ಮತ್ತು ಹಿಂದಿನ ತಟ್ಟೆಯ ಸಂದನ್ನು ಬೆಳಕಿಗೆ ಹಿಡಿಯಿರಿ. ಬೆಳಕಿನ ಗೆರೆ ಕಂಡರೆ ಕೆಲಸ ಕೆಟ್ಟಿದೆ. ಕಾಣದಿದ್ದರೆ ಬೀಡಿಯ ಕಟ್ಟಿನ ತೆಳು ಕಾಗದದ ಒಂದು ಚೂರು ನಡುವೆ ಇಟ್ಟು ಮುಚ್ಚಿ ಎಳೆದು ನೋಡಿ. ಹಿಡಿದುಕೊಳ್ಳಬೇಕು. ಸಲೀಸಾಗಿ ಜಾರಿ ಬಂದರೆ ರಿಪೇರಿಗೆ ಕೊಡಿ. ತಗಡಿನ ಚೂರು ಇಟ್ಟು ಬಿಗಿ ಮಾಡಿದ ಕೋವಿಯನ್ನು ನಾನು ನೋಡಿದ್ದೇನೆ. ಮುಖದಿಂದ ಒಂದು ಗೇಣು ದೂರದಲ್ಲಿ ಇರುವ ಕೀಲು ಅದು.

ನಳಿಗೆಯೊಳಗೆ ಉಂಗುರದ ನೆರಳು

ಶುಭ್ರ ನಳಿಗೆಯೊಳಗೆ ಕಿಟಕಿಯ ಬೆಳಕು ನೇರ ಗೆರೆಯಾಗಿ ಹರಿಯಬೇಕು. ಒಂದು ಕಡೆ ಕಪ್ಪು ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಹಿಂದೊಮ್ಮೆ ಏನೋ ಅಡ್ಡ ಇದ್ದಾಗ ಈಡು ಹೋಗಿದೆ ಎಂದರ್ಥ. ಹೊರಗಿನಿಂದ ಬೆರಳು ಸವರಿದರೂ ತಿಳಿಯುತ್ತದೆ. ಅರ್ಧಚಂದ್ರದ ನೆರಳು ಕಂಡರೆ ಅದು ತಗ್ಗು, ಎಲ್ಲೋ ಕಲ್ಲಿಗೆ ಬಡಿದಿದೆ. ಎರಡಕ್ಕೂ ಮನೆಯಲ್ಲಿ ಮದ್ದಿಲ್ಲ. ಈಡು ನಿಲ್ಲಿಸಿ.

ಒರೆಸಿದಷ್ಟೂ ತುಕ್ಕು

ಕೋವಿ ಎಲ್ಲಿದೆ ನೋಡಿ. ಚರ್ಮದ ಚೀಲದೊಳಗೆ ಇದ್ದರೆ ಚೀಲವೇ ನೀರು ಹಿಡಿದಿಡುತ್ತಿದೆ. ಮೈಲುತುತ್ತದ ಡಬ್ಬ ಇಟ್ಟ ಕೋಣೆಯಲ್ಲಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ. ಔಷಧಿ ಹೊಡೆದು ಬಂದ ಕೈಯಲ್ಲೇ ಕೋವಿ ಮುಟ್ಟಿದರೆ ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸಿ, ಗಾಳಿಯಾಡುವ, ಬೀಗ ಇರುವ ಕಪಾಟಿನಲ್ಲಿ ನಿಲ್ಲಿಸಿ.

ಮುಚ್ಚುವಾಗಲೇ ಈಡು, ಅಥವಾ ಎರಡೂ ಒಟ್ಟಿಗೆ

ಇದರಲ್ಲಿ ಪರೀಕ್ಷೆ ಮಾಡುವಂಥದ್ದು ಏನೂ ಇಲ್ಲ. ಮತ್ತೊಮ್ಮೆ ತೋಟೆ ಹಾಕಿ ಖಚಿತ ಮಾಡಿಕೊಳ್ಳಲು ಹೋಗಬೇಡಿ. ಒಳಗೆ ಟ್ರಿಗರ್ ಹಿಡಿಯುವ ಅಂಚು ಸವೆದಿದೆ. ಹೊರಗೆ ಕುದುರೆ, ಅಂದರೆ ಪಿನ್ನಿಗೆ ಬಡಿಯುವ ಸುತ್ತಿಗೆ, ಇರುವ ಹಳೆಯ ಕೋವಿಗಳಲ್ಲಿ ಇದು ಇನ್ನೂ ಅಪಾಯ. ತೋಟೆ ತೆಗೆದು, ಬೀಗ ಹಾಕಿ, ಮರುದಿನವೇ ಒಯ್ಯಿರಿ.

ಪಿಸ್ತೂಲು ಇರುವವರಿಗೆ

ಶಿವಮೊಗ್ಗ ಪೇಟೆಯಲ್ಲಿ 0.32ರ ಪಿಸ್ತೂಲು ಇಟ್ಟುಕೊಂಡವರ ದೂರು ಬೇರೆ. ಗುಂಡು ಸಿಕ್ಕಿಕೊಳ್ಳುತ್ತದೆ, ಖಾಲಿ ಗುಂಡು ಬಹಳ ದೂರ ಹಾರುತ್ತದೆ, ಅದರ ತಳದ ಹತ್ತಿರ ಒಂದು ಕಡೆ ಹೊಟ್ಟೆ ಬಂದಿದೆ. ಸಿಕ್ಕಿಕೊಳ್ಳುವುದಕ್ಕೆ ಮೊದಲ ಕಾರಣ ಗಲೀಜು, ಎರಡನೆಯದು ಗುಂಡು ತುಂಬುವ ಮ್ಯಾಗಜೀನಿನ ಬಾಯಿ ಸೊಟ್ಟಗಾಗಿರುವುದು. ಹೊಟ್ಟೆ ಬಂದ ಖಾಲಿ ಗುಂಡು ಮಾತ್ರ ನಿಲ್ಲಿಸಿ ಎನ್ನುವ ಸೂಚನೆ.

ಈ ಚಿಕ್ಕ ಪಿಸ್ತೂಲುಗಳಲ್ಲಿ ಬಹಳಷ್ಟಕ್ಕೆ ಹಿಂದಿನ ಬಾಗಿಲಿಗೆ ಚಿಲಕವೇ ಇಲ್ಲ. ಮೇಲಿನ ಸ್ಲೈಡಿನ ತೂಕ ಮತ್ತು ಒಂದು ಸ್ಪ್ರಿಂಗ್, ಇವೇ ಬಾಗಿಲನ್ನು ಒತ್ತಿ ಹಿಡಿಯುವುದು. ಗುಂಡು ಹೊರಗೆ ಹೋಗಿ ಒತ್ತಡ ಇಳಿಯುವ ತನಕ ಆ ತೂಕ ತಡೆಯಬೇಕು. ಜೋರಿನ ಗುಂಡಾದರೆ ಬಾಗಿಲು ಬೇಗ ತೆರೆಯುತ್ತದೆ, ಆಗ ಹಿತ್ತಾಳೆ ಕೈಯ ಹತ್ತಿರವೇ ಒಡೆಯುತ್ತದೆ. ಚಿಕ್ಕಪ್ಪ ನೋಡಿದ ವಿಡಿಯೋದಲ್ಲಿ ಹೇಳದೆ ಬಿಟ್ಟದ್ದು ಇದನ್ನೇ. ಸ್ಪ್ರಿಂಗ್ ಬದಲಿಸಿದರೆ ನಳಿಗೆಯ ಗೋಡೆ ದಪ್ಪವಾಗುವುದಿಲ್ಲ. ಅದೂ ಅಲ್ಲದೆ ದೊಡ್ಡ ಗುಂಡಿನ 9 ಮಿ.ಮೀ. ನಮ್ಮಲ್ಲಿ ಸಾಮಾನ್ಯ ಜನರಿಗೆ ನಿಷೇಧಿತ ಬೋರು. ಗುಂಡು ಒಂದೇ ಡಬ್ಬದ್ದು, ಪಿಸ್ತೂಲಿನ ಮೇಲೆ ಕೊರೆದ ಅಳತೆಯದ್ದೇ ಆಗಿದ್ದೂ ಹೊಟ್ಟೆ ಬರುತ್ತಿದ್ದರೆ ತಯಾರಕರಿಗೇ ತೋರಿಸಬೇಕು.

ರಿಪೇರಿಗೆ ಒಯ್ಯುವಾಗ

ಲೈಸೆನ್ಸ್ ಪುಸ್ತಕ ಕೈಯಲ್ಲಿರಲಿ. ಕೋವಿ ಖಾಲಿ, ಬಿಚ್ಚಿ ಚೀಲದಲ್ಲಿ. ರಿಪೇರಿಯವರ ಲೈಸೆನ್ಸನ್ನೂ ಕೇಳಿ, ರಸೀದಿ ತೆಗೆದುಕೊಳ್ಳಿ. ಚುನಾವಣೆಗೆಂದು ಠಾಣೆಯಲ್ಲಿ ಇಟ್ಟು ವಾಪಸ್ ತಂದ ಕೋವಿಯಾದರೆ ಅದನ್ನೂ ಹೇಳಿ. ಕದಲದೆ ತಿಂಗಳುಗಟ್ಟಲೆ ಇದ್ದದ್ದೇ ಅರ್ಧ ಕಾರಣ ಆಗಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಡೆದ ಖಾಲಿ ತೋಟೆಗಳನ್ನು ಎಸೆಯದೆ ಒಯ್ಯಿರಿ. ಎಡ ನಳಿಗೆಯದ್ದಕ್ಕೆ ಪೆನ್ನಿನಲ್ಲಿ ಒಂದು ಗೆರೆ, ಬಲದ್ದಕ್ಕೆ ಎರಡು. ನೀವು ಅರ್ಧ ಗಂಟೆ ವಿವರಿಸುವುದನ್ನು ಅವರು ಆ ಕೇಪು ನೋಡಿ ಅರ್ಧ ನಿಮಿಷದಲ್ಲಿ ಹೇಳುತ್ತಾರೆ.

ಚಿಕ್ಕಪ್ಪ ಉಳಿದ ಜೋರಿನ ತೋಟೆಗಳನ್ನು ತಂದ ಅಂಗಡಿಗೇ ಒಪ್ಪಿಸಿ, 65ರ ಡಬ್ಬ ತಂದರು. ಕೀಲು ಸ್ವಲ್ಪ ಸಡಿಲವಾಗಿತ್ತು, ಅದನ್ನು ಸರಿ ಮಾಡಿಸಲು ಮೂರು ವಾರ ಹಿಡಿಯಿತು. ಅಲ್ಲಿಯ ತನಕ ತೋಟದಲ್ಲಿ ತಗಡಿನ ಡಬ್ಬ ಬಡಿಯುವ ಕೆಲಸ ನನ್ನದಾಗಿತ್ತು.